ಪ್ರಾರ್ಥನೆ ನಿಂತುಹೋದರೆ ಮತ್ತೆ ಹಿಡಿಯುವುದು ಹೇಗೆ, ಹಿಡಿದದ್ದನ್ನು ಬಿಡದಿರುವುದು ಹೇಗೆ

ಪ್ರಾರ್ಥನೆಯನ್ನು ಯಾರೂ ಒಂದೇ ದಿನಕ್ಕೆ ಬಿಡುವುದಿಲ್ಲ. ಒಂದು ದಿನ ನಿದ್ದೆ ಬಂದುಬಿಡುತ್ತದೆ, ಮರುದಿನ ಕೆಲಸ ಜಾಸ್ತಿ, ಅದರ ಮರುದಿನ ಸುಮ್ನೆ ಮನಸ್ಸೇ ಬರುವುದಿಲ್ಲ. ಹೀಗೆ ವಾರ ಕಳೆಯುವಷ್ಟರಲ್ಲಿ ನಾಚಿಕೆ ಶುರುವಾಗುತ್ತದೆ. ಇಷ್ಟು ದಿನ ಮಾತೇ ಆಡದೆ ಈಗ ಯಾವ ಮುಖ ಇಟ್ಟುಕೊಂಡು ದೇವರ ಮುಂದೆ ಹೋಗಲಿ ಅನ್ನಿಸುತ್ತದೆ ಅಲ್ವಾ? ಸೋಮಾರಿತನಕ್ಕಿಂತ ಈ ನಾಚಿಕೆಯೇ ಪ್ರಾರ್ಥನೆಗೆ ದೊಡ್ಡ ಶತ್ರು ಎಂದು ನನಗನ್ನಿಸುತ್ತದೆ. ಬಿಟ್ಟದ್ದು ನಾಲ್ಕು ದಿನ ಇರಬಹುದು, ನಾಚಿಕೆ ಅದನ್ನು ನಾಲ್ಕು ತಿಂಗಳಿಗೆ ಎಳೆಯುತ್ತದೆ.

ಹಾಗಾಗಿ ವಾಪಸ್ ಬರುವುದರಿಂದಲೇ ಶುರು ಮಾಡೋಣ. ಕೂತಲ್ಲೇ ಒಂದು ಮಾತು ಸಾಕು: "ಕರ್ತನೇ, ಬಂದಿದ್ದೇನೆ, ಕರುಣಿಸು." ಯಾಕೆ ಬಿಟ್ಟೆ, ಎಷ್ಟು ದಿನ ಬಿಟ್ಟೆ ಎಂಬ ವಿವರಣೆಯೆಲ್ಲ ಆಮೇಲೆ. ಲೂಕ 15ರಲ್ಲಿ ತಪ್ಪಿಹೋದ ಮಗನ ಕಥೆ ಇದೆ, ಅದನ್ನು ನಿಧಾನವಾಗಿ ಓದಿ. ಮನೆಗೆ ಹೊರಡುವ ಮೊದಲೇ ಅವನು ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದ: ಪಾಪ ಮಾಡಿದ್ದೇನೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ. ತಂದೆ ದೂರದಿಂದಲೇ ನೋಡಿ ಓಡಿ ಬಂದು ಅಪ್ಪಿಕೊಂಡ. ಮಗ ಮೊದಲಿನ ಮಾತುಗಳನ್ನು ಹೇಳಿದ, ಆದರೆ ಕೂಲಿಯಾಳಿನ ಮಾತು ಬಾಯಿಗೆ ಬರುವ ಮೊದಲೇ ತಂದೆ ಆಳುಗಳನ್ನು ಕರೆದು ಒಳ್ಳೇ ಬಟ್ಟೆ ತನ್ನಿ ಎಂದುಬಿಟ್ಟ. ವಾಪಸ್ ಬರುವವರನ್ನು ದೇವರು ಹೇಗೆ ನೋಡುತ್ತಾನೆ ಎಂದು ಯೇಸು ಹೇಳಿದ್ದು ಹೀಗೆ. ನಮ್ಮ ಊಹೆಗಿಂತ ಆತನ ಮಾತನ್ನು ನಂಬುವುದು ಒಳ್ಳೆಯದು.

ಬಿಟ್ಟ ದಿನಗಳ ಬಾಕಿ ತೀರಿಸಲು ಮಾತ್ರ ಹೋಗಬೇಡಿ. ನಾಳೆಯಿಂದ ದಿನಕ್ಕೆ ಎರಡು ಗಂಟೆ ಪ್ರಾರ್ಥಿಸುತ್ತೇನೆ ಎಂಬ ಹರಕೆ ಬೇಡ. ಅದು ಮೂರೇ ದಿನ ನಡೆಯುತ್ತದೆ, ಆಮೇಲೆ ಎರಡರಷ್ಟು ನಾಚಿಕೆ. ಯೇಸುವಿನ ಶಿಷ್ಯ ಪೇತ್ರ ಮೂರು ಸಾರಿ ಯೇಸುವನ್ನು ಅರಿಯೆನು ಎಂದಿದ್ದ. ಯೋಹಾನ 21ರಲ್ಲಿ ಯೇಸು ಅವನನ್ನು ಮೂರು ಸಾರಿ ಕೇಳಿದ್ದು ಒಂದೇ ಪ್ರಶ್ನೆ, ನನ್ನನ್ನು ಪ್ರೀತಿಸುತ್ತೀಯಾ ಅಂತ. ಕೇಳಿ, ಕುರಿಗಳನ್ನು ಮೇಯಿಸು ಎಂದು ಕೆಲಸ ಕೊಟ್ಟ. ದಂಡ ಹಾಕಲಿಲ್ಲ. ನಿಮ್ಮನ್ನು ದೂರ ಇಟ್ಟದ್ದು ಒಂದು ನಿರ್ದಿಷ್ಟ ಪಾಪ ಎಂದು ಗೊತ್ತಿದ್ದರೆ ಅದನ್ನು ಹೆಸರು ಹಿಡಿದೇ ಹೇಳಿ, 51ನೇ ಕೀರ್ತನೆಯನ್ನು ಜೋರಾಗಿ ಓದಿ, ಯಾರಿಗಾದರೂ ಅನ್ಯಾಯ ಆಗಿದ್ದರೆ ಸರಿಪಡಿಸಿ. ಅಲ್ಲಿಗೆ ಬಿಡಿ.

ಹೊತ್ತು, ಜಾಗ

ಮನಸ್ಸು ಬಂದಾಗ ಪ್ರಾರ್ಥಿಸುತ್ತೇನೆ ಅಂದರೆ ಅದು ನಡೆಯುವುದಿಲ್ಲ. ದಾನಿಯೇಲ 6:10 ನೋಡಿ. ಮೂವತ್ತು ದಿನ ಅರಸನನ್ನು ಬಿಟ್ಟು ಬೇರೆ ಯಾರಿಗೂ ವಿಜ್ಞಾಪನೆ ಮಾಡಬಾರದು, ಮಾಡಿದರೆ ಸಿಂಹಗಳ ಗವಿ ಎಂಬ ಆಜ್ಞೆ ಹೊರಟಿತ್ತು. ಅದು ಗೊತ್ತಿದ್ದೂ ದಾನಿಯೇಲ ಮನೆಗೆ ಹೋಗಿ ಯೆರೂಸಲೇಮಿನ ಕಡೆಗಿದ್ದ ಕಿಟಕಿಯ ಮುಂದೆ ದಿನಕ್ಕೆ ಮೂರು ಸಾರಿ ಮೊಣಕಾಲೂರಿದ, ಮೊದಲು ಮಾಡುತ್ತಿದ್ದ ಹಾಗೆಯೇ. ಆ ಕೊನೆಯ ಮಾತು ನನಗೆ ತುಂಬಾ ಮುಖ್ಯ. ಅವನು ಕಷ್ಟ ಬಂದ ಮೇಲೆ ಪ್ರಾರ್ಥನೆ ಕಲಿಯಲು ಕೂತವನಲ್ಲ. ಕಷ್ಟ ಬರುವಷ್ಟರಲ್ಲಿ ಅವನಿಗೆ ಹೊತ್ತೂ ಇತ್ತು, ಕಿಟಕಿಯೂ ಇತ್ತು.

ನಿಮಗೂ ಒಂದು ಹೊತ್ತು ಬೇಕು. ದಿನಾ ತಪ್ಪದೆ ಮಾಡುವ ಯಾವುದಾದರೂ ಕೆಲಸದ ಪಕ್ಕಕ್ಕೆ ಅದನ್ನು ಕಟ್ಟಿಹಾಕಿ: ಎದ್ದು ಮುಖ ತೊಳೆದ ಕೂಡಲೇ, ಇಲ್ಲವೇ ಮಲಗುವ ಮೊದಲು ದೀಪ ಆರಿಸುವ ಮುಂಚೆ. ಯೇಸು ಇನ್ನೂ ಕತ್ತಲಿರುವಾಗ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ ಎಂದು ಮಾರ್ಕ 1:35 ಹೇಳುತ್ತದೆ, ಹಾಗಂತ ಬೆಳಗ್ಗೆ ಏಳಲಾಗದವರು ಕೈಬಿಡಬೇಕಿಲ್ಲ. ಹಾಸಿಗೆಯ ಮೇಲೆ, ರಾತ್ರಿಯ ಜಾವಗಳಲ್ಲಿ ದೇವರನ್ನು ನೆನೆಯುವ ಮಾತು 63ನೇ ಕೀರ್ತನೆಯಲ್ಲಿದೆ. ಶುರುವಿಗೆ ಹತ್ತು ನಿಮಿಷ ಸಾಕು. ಫೋನ್ ಬೇರೆ ಕೋಣೆಯಲ್ಲಿರಲಿ. ಕೂತರೆ ನಿದ್ದೆ ಬರುತ್ತದೆಯೇ? ನಿಂತು ಪ್ರಾರ್ಥಿಸಿ, ನಡೆದಾಡುತ್ತಾ ಪ್ರಾರ್ಥಿಸಿ. 1 ಸಮುವೇಲ 1ರಲ್ಲಿ ಮಕ್ಕಳಿಲ್ಲದ ಹನ್ನಳು ತುಟಿ ಮಾತ್ರ ಅಲುಗಿಸುತ್ತಾ ಪ್ರಾರ್ಥಿಸಿದಳು, ಯಾಜಕ ಏಲಿ ಆಕೆ ಕುಡಿದಿದ್ದಾಳೆ ಎಂದುಕೊಂಡ. ದೇವರು ಆಕೆಗೆ ಕಿವಿಗೊಟ್ಟ.

ಮಾತು ಬರದಿದ್ದರೆ

ಕೂತ ಎರಡು ನಿಮಿಷಕ್ಕೆ ಹೇಳುವುದೆಲ್ಲ ಮುಗಿದುಹೋಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಅದು ಸಹಜ. ಯೇಸುವಿನ ಶಿಷ್ಯರೇ "ನಮಗೆ ಪ್ರಾರ್ಥನೆ ಮಾಡಲು ಕಲಿಸು" ಎಂದು ಕೇಳಿದ್ದರು, ಆತ ಅವರಿಗೆ ಮಾತುಗಳನ್ನೇ ಕೊಟ್ಟ. ಆರಂಭದ ಸಭೆಯ ದಿದಾಖೆ ಎಂಬ ಹಳೆಯ ಕೈಪಿಡಿಯಲ್ಲಿ ಆತ ಕೊಟ್ಟ ಆ ಮಾತುಗಳನ್ನೇ, ಅಂದರೆ ಕರ್ತನ ಪ್ರಾರ್ಥನೆಯನ್ನು, ದಿನಕ್ಕೆ ಮೂರು ಸಾರಿ ಹೇಳಿ ಎಂದಿದೆ. ಹಾಗಾಗಿ ಕಲಿತ ಮಾತುಗಳಲ್ಲಿ ಪ್ರಾರ್ಥಿಸುವುದನ್ನು ಕೀಳು ಅಂದುಕೊಳ್ಳಬೇಡಿ.

ಮಾಡುವುದು ಹೀಗೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಹೇಳಿ ನಿಲ್ಲಿಸಿ. ತಂದೆಗೆ ಇವತ್ತು ಹೇಳಬೇಕಾದದ್ದೇನಾದರೂ ಇದ್ದರೆ ಹೇಳಿ. "ನಿನ್ನ ಚಿತ್ತ ನೆರವೇರಲಿ" ಎಂಬಲ್ಲಿಗೆ ಬಂದಾಗ, ನಿಮ್ಮ ಕೈಮೀರಿದ ವಿಷಯ ಯಾವುದು, ಅದನ್ನು ಹೆಸರಿಸಿ. "ಅನುದಿನದ ಆಹಾರ" ಎಂಬಲ್ಲಿ ಈ ದಿನಕ್ಕೆ ಬೇಕಾದದ್ದನ್ನು ಕೇಳಿ, ಮುಂದಿನ ವರ್ಷದ್ದು ಬೇಡ. "ನಾವು ಕ್ಷಮಿಸಿದಂತೆ" ಎಂಬಲ್ಲಿ ಒಬ್ಬರ ಮುಖ ನೆನಪಾಗುತ್ತದೆ, ಖಂಡಿತ ನೆನಪಾಗುತ್ತದೆ, ಅಲ್ಲಿಂದ ಬೇಗ ದಾಟಿಬಿಡಬೇಡಿ. ಹೀಗೆ ಹೋದರೆ ಹತ್ತು ನಿಮಿಷ ಸಾಲುವುದೇ ಇಲ್ಲ.

ಆಮೇಲೆ ಕೀರ್ತನೆಗಳು. ಒಟ್ಟು 150 ಇವೆ. ಆರನೇ ಶತಮಾನದ ಸಂತ ಬೆನೆಡಿಕ್ಟನ ನಿಯಮದಲ್ಲಿ ಸನ್ಯಾಸಿಗಳು ಅಷ್ಟನ್ನೂ ವಾರಕ್ಕೊಮ್ಮೆ ಹೇಳಿ ಮುಗಿಸಬೇಕಿತ್ತು, ಆಂಗ್ಲಿಕನ್ ಸಭೆಯ ಪ್ರಾರ್ಥನಾ ಪುಸ್ತಕ 30 ದಿನಕ್ಕೆ ಹಂಚುತ್ತದೆ. ಮನೆಯಲ್ಲಿ ಕೆಲಸ, ಮಕ್ಕಳು ಇರುವವರಿಗೆ ದಿನಕ್ಕೆ ಒಂದು ಸಾಕು. 119ನೇ ಕೀರ್ತನೆಗೆ 176 ವಚನ, ಅದನ್ನು ಎಷ್ಟು ದಿನಕ್ಕೆ ಬೇಕಾದರೂ ಮುರಿದುಕೊಳ್ಳಿ. ಜೋರಾಗಿ ಓದಿ. ತಾಗಿದ ವಚನದ ಹತ್ತಿರ ನಿಂತು ಅದನ್ನೇ ನಿಮ್ಮ ಮಾತಾಗಿ ದೇವರಿಗೆ ಹೇಳಿ.

ಹೇಳಿದ್ದನ್ನೇ ಹೇಳಬಾರದು ಎಂದು ಯೇಸು ಹೇಳಿಲ್ಲವೇ ಎಂದು ಯಾರಾದರೂ ಕೇಳಬಹುದು. ಮತ್ತಾಯ 6:7ರಲ್ಲಿ ಆತ ಬೇಡವೆಂದದ್ದು, ಮಾತು ಜಾಸ್ತಿಯಾದರೆ ದೇವರು ಕೇಳಿಯೇ ಕೇಳುತ್ತಾನೆ ಎಂಬ ಲೆಕ್ಕಾಚಾರವನ್ನು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಆತನೇ ಮೂರನೇ ಸಾರಿಯೂ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದ ಎಂದು ಅದೇ ಮತ್ತಾಯ 26:44ರಲ್ಲಿದೆ. ನೋವಿನಲ್ಲಿರುವವರ ಬಾಯಿಗೆ ಹೊಸ ಮಾತು ಬರುವುದಿಲ್ಲ. ಬರಬೇಕಿಲ್ಲ. ಪೂರ್ವದ (ಆರ್ಥೊಡಾಕ್ಸ್) ಸಭೆಗಳಲ್ಲಿ ಶತಮಾನಗಳಿಂದ ಹೇಳುತ್ತಿರುವ ಒಂದು ಸಣ್ಣ ಪ್ರಾರ್ಥನೆ ಇದೆ: "ಕರ್ತನಾದ ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು." ಕೆಲಸದ ನಡುವೆ, ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಇದನ್ನು ಹೇಳಬಹುದು. ಎಡೆಬಿಡದೆ ಪ್ರಾರ್ಥನೆ ಮಾಡಿರಿ ಎಂದು ಪೌಲ ಥೆಸಲೊನೀಕದವರಿಗೆ ಬರೆದದ್ದು ಹೀಗೆ ದಿನದೊಳಗೆ ಇಳಿಯುತ್ತದೆ.

ಏನೂ ಅನ್ನಿಸದ ದಿನಗಳು

ಇಲ್ಲೇ ಹೆಚ್ಚು ಜನ ಬಿಟ್ಟುಬಿಡುವುದು. ಮೊದಮೊದಲು ಪ್ರಾರ್ಥಿಸಿದರೆ ಕಣ್ಣೀರು ಬರುತ್ತಿತ್ತು, ಸಮಾಧಾನ ಸಿಗುತ್ತಿತ್ತು. ಈಗ ಗೋಡೆಗೆ ಮಾತಾಡಿದ ಹಾಗೆ. ದೇವರು ದೂರ ಹೋದನೇ, ನಾನೇ ದೂರ ಹೋದೆನೇ?

ಮೊದಲು ನಿಮ್ಮ ದೇಹವನ್ನು ನೋಡಿಕೊಳ್ಳಿ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾಕು, ನನ್ನ ಪ್ರಾಣ ತೆಗೆ ಎಂದು ಬೇಡಿದ. ದೇವರು ಅವನಿಗೆ ಬುದ್ಧಿ ಹೇಳಲಿಲ್ಲ. ಮಲಗಲು ಬಿಟ್ಟ. ದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸಿದ. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದ. ಮಾತುಕತೆ ನಡೆದದ್ದು ಅದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ನಿದ್ದೆಗೆಟ್ಟು, ಊಟ ಬಿಟ್ಟು, ನನಗೆ ಆತ್ಮಿಕ ಬರಗಾಲ ಬಂದಿದೆ ಎಂದು ಕೊರಗುವವರಿಗೆ ನಾನು ಮೊದಲು ಹೇಳುವುದು ಮಲಗಿ ಎಂದೇ. ವಾರಗಟ್ಟಲೆ ಯಾವುದರಲ್ಲೂ ಆಸೆಯೇ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ದಯವಿಟ್ಟು ಈಗಲೇ ಹತ್ತಿರದವರಿಗೆ ಹೇಳಿ, ವೈದ್ಯರ ಹತ್ತಿರ ಹೋಗಿ. ಅದು ನಂಬಿಕೆಯ ಕೊರತೆ ಅಲ್ಲ.

ದೇಹ ಚೆನ್ನಾಗಿದ್ದೂ ಒಳಗೆ ಒಣಗಿದ್ದರೆ? ಆಗ ಅದನ್ನೇ ದೇವರಿಗೆ ಹೇಳಿ. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಾರಿ "ಎಷ್ಟರವರೆಗೆ" ಎಂಬ ಪ್ರಶ್ನೆ ಬರುತ್ತದೆ. 88ನೇ ಕೀರ್ತನೆ ಕೊನೆಗೂ ಬೆಳಕಿಗೆ ಬರುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದು ಸತ್ಯವೇದದಲ್ಲಿದೆ, ಆರಾಧನೆಯಲ್ಲಿ ಹಾಡುವ ಹಾಡುಗಳ ನಡುವೆ ಇದೆ. ದೂರು ಕೊಡುವುದೂ ಪ್ರಾರ್ಥನೆಯೇ, ದೂರನ್ನು ದೇವರ ಮುಂದೆಯೇ ಇಟ್ಟರೆ. ಒಂದು ಹಾಳೆಯಲ್ಲಿ ನಿಮ್ಮದೇ ಪ್ರಲಾಪ ಬರೆಯಿರಿ: ದೇವರನ್ನು ಹೆಸರು ಹಿಡಿದು ಕರೆಯಿರಿ, ಏನಾಗಿದೆ ಹೇಳಿ, ಏನು ಬೇಕು ಕೇಳಿ. ನಂಬಿಕೆಯ ಒಂದು ಸಾಲು ಬರೆಯಲು ಆದರೆ ಬರೆಯಿರಿ, ಆಗದಿದ್ದರೆ ಜಾಗ ಖಾಲಿ ಬಿಡಿ. ಸುಳ್ಳು ಬರೆಯಬೇಡಿ.

ಈ ದಾರಿಯಲ್ಲಿ ನಮಗಿಂತ ಮುಂದೆ ನಡೆದವರಿದ್ದಾರೆ. ಮದರ್ ತೆರೇಸಾ ಬರೆದ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಆಕೆ ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದೆ ಒಳಗಿನ ಕತ್ತಲೆಯಲ್ಲಿ ಪ್ರಾರ್ಥಿಸಿದ್ದು ಜಗತ್ತಿಗೆ ಗೊತ್ತಾಯಿತು. ಕೆಲವರಿಗೆ ಅದು ಆಘಾತ. ನನಗೆ ಧೈರ್ಯ ಕೊಡುವ ವಿಷಯ. ಅನುಭವ ಹೋಯಿತು, ಆಕೆ ಹೋಗಲಿಲ್ಲ. ಮತ್ತೆ ರೋಮಾಪುರದವರಿಗೆ 8:26 ಹೇಳುವುದೂ ಇದನ್ನೇ ಅಲ್ವಾ, ಹೇಗೆ ಪ್ರಾರ್ಥಿಸಬೇಕೋ ತಿಳಿಯದ ನಮಗಾಗಿ ಆತ್ಮನೇ ಮಾತಿಲ್ಲದ ನರಳಾಟದಿಂದ ಬೇಡಿಕೊಳ್ಳುತ್ತಾನೆ. ನೀವು ಸುಮ್ಮನೆ ಕೂತಿದ್ದ ಆ ಹತ್ತು ನಿಮಿಷದಲ್ಲೂ ಪ್ರಾರ್ಥನೆ ನಡೆಯುತ್ತಿತ್ತು.

ಕೇಳಿದ್ದು ಸಿಗದಿದ್ದಾಗ

ಲೂಕ 18ರ ವಿಧವೆ ಪದೇಪದೇ ಬಂದು ಅನ್ಯಾಯದ ನ್ಯಾಯಾಧಿಪತಿಯನ್ನು ಕಾಡಿ ನ್ಯಾಯ ಪಡೆದಳು. ಇದನ್ನು ತಿರುಚಿ, ದೇವರಿಗೂ ಹೀಗೇ ಕಾಟ ಕೊಟ್ಟರೆ ಕೊಡುತ್ತಾನೆ ಎಂದು ಹೇಳುವವರಿದ್ದಾರೆ. ಯೇಸು ಹೇಳಿದ್ದು ಬೇರೆ: ಅಂಥ ಕೆಟ್ಟ ಮನುಷ್ಯನೇ ನ್ಯಾಯ ಕೊಟ್ಟರೆ, ಹಗಲುರಾತ್ರಿ ಮೊರೆಯಿಡುವ ತನ್ನವರಿಗೆ ದೇವರು ಕೊಡದೆ ಇರುತ್ತಾನೆಯೇ? ನಾವು ಮತ್ತೆ ಮತ್ತೆ ಕೇಳುವುದು ಆತ ಒಳ್ಳೆಯವನು ಎಂಬ ಧೈರ್ಯದಿಂದ.

ನಿನಗೆ ನಂಬಿಕೆ ಸಾಲದು, ಅದಕ್ಕೇ ಉತ್ತರ ಬಂದಿಲ್ಲ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಹೊತ್ತುಕೊಳ್ಳಬೇಡಿ. ಈ ಪಾತ್ರೆ (ಬರಲಿದ್ದ ಸಂಕಟ) ನನ್ನಿಂದ ದಾಟಿಹೋಗಲಿ ಎಂದು ಯೇಸುವೇ ಬೇಡಿದ, ಅದು ದಾಟಲಿಲ್ಲ. ಆತನಿಗೆ ನಂಬಿಕೆ ಸಾಲದು ಎನ್ನುವ ಧೈರ್ಯ ಯಾರಿಗಿದೆ? ಪೌಲ ತನ್ನನ್ನು ಕಾಡುತ್ತಿದ್ದ ಬಾಧೆಯನ್ನು ಶರೀರದ ಮುಳ್ಳು ಎಂದು ಕರೆದು, ಅದು ಹೋಗಲಿ ಎಂದು ಮೂರು ಸಾರಿ ಬೇಡಿದ, ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಮಾತು ಬಂತು.

ಮುಂದೆ ಸಭೆಯ ದೊಡ್ಡ ಬೋಧಕನಾದ ಅಗಸ್ಟೀನನ ತಾಯಿ ಮೋನಿಕಾಳನ್ನು ನೆನಪಿಸಿಕೊಳ್ಳಿ. ದಾರಿ ತಪ್ಪಿದ ಮಗನಿಗಾಗಿ ಆಕೆ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದಳು. 383ರಲ್ಲಿ ಅವನು ಆಫ್ರಿಕಾ ಬಿಟ್ಟು ರೋಮಿಗೆ ಹೊರಟಾಗ, ಹೋಗದಂತೆ ತಡೆಯಪ್ಪಾ ಎಂದು ಆ ರಾತ್ರಿಯೆಲ್ಲ ಬೇಡಿದಳು. ಅವನು ಸುಳ್ಳು ಹೇಳಿ ಹಡಗು ಹತ್ತಿ ಹೋದ. ಆ ರಾತ್ರಿಯ ಪ್ರಾರ್ಥನೆಗೆ ಸಿಕ್ಕ ಉತ್ತರ ಇಲ್ಲ ಎಂದೇ. ಆದರೆ ಆ ಪ್ರಯಾಣವೇ ಅವನನ್ನು ಮಿಲಾನಿಗೆ, ಬಿಷಪ್ ಅಂಬ್ರೋಸನ ಹತ್ತಿರಕ್ಕೆ ಮುಟ್ಟಿಸಿತು. 387ರ ಈಸ್ಟರ್‌ನಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಎಲ್ಲರ ಕಥೆಯೂ ಹೀಗೆ ಮುಗಿಯುತ್ತದೆ ಎಂದು ನಾನು ಹೇಳಲಾರೆ. ಇಲ್ಲ ಎಂಬ ಒಂದು ಉತ್ತರದಿಂದ ಎಲ್ಲ ಮುಗಿಯಿತು ಎಂದು ಕೂಡ ಹೇಳಲಾಗದು.

ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಯಾರಿಗಾಗಿ, ಏನಕ್ಕಾಗಿ ಬೇಡುತ್ತಿದ್ದೀರಿ ಎಂದು ತಾರೀಖು ಹಾಕಿ ಬರೆಯಿರಿ. ಎಲ್ಲರ ಹೆಸರನ್ನೂ ದಿನಾ ಹೇಳಲು ಹೋದರೆ ಅದು ಹಾಜರಿ ಪುಸ್ತಕ ಆಗಿಬಿಡುತ್ತದೆ, ವಾರದ ದಿನಗಳಿಗೆ ಹಂಚಿಕೊಳ್ಳಿ.

ಭಾನುವಾರ

ಮನಸ್ಸಿಲ್ಲದ ಭಾನುವಾರವೇ ಸಭೆಗೆ ಹೋಗಬೇಕಾದ ಭಾನುವಾರ. ಸಭೆಯಾಗಿ ಕೂಡುವುದನ್ನು ಬಿಡಬೇಡಿ ಎಂದು ಇಬ್ರಿಯರಿಗೆ 10:25ರಲ್ಲಿದೆ, ಬಿಡುವವರು ಆಗಲೇ ಇದ್ದರು. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆ ತೆರೆದು ಇಳಿಸಿದರು. ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ಹಾಡಲು ಬಾಯಿ ಬರದ ದಿನ ಪಕ್ಕದವರು ಹಾಡಲಿ, ನೀವು ಕೇಳಿಸಿಕೊಳ್ಳಿ. ವಿಶ್ವಾಸ ಪ್ರಮಾಣ ಹೇಳಲು ಗಂಟಲು ಕಟ್ಟಿದರೆ ಅವರು ನಿಮಗಾಗಿಯೂ ಹೇಳುತ್ತಾರೆ. ಕರ್ತನ ಭೋಜನಕ್ಕೆ ಕೈ ಚಾಚಿ, ಅಲ್ಲಿ ನೀವು ಕೊಡುವುದೇನೂ ಇಲ್ಲ, ತೆಗೆದುಕೊಳ್ಳುವುದು ಮಾತ್ರ.

ಶನಿವಾರ ರಾತ್ರಿಯೇ ಮರುದಿನದ ವಾಕ್ಯಭಾಗವನ್ನು ಓದಿಕೊಂಡು ಬೇಗ ಮಲಗುವುದು ತುಂಬಾ ಸಹಾಯ ಮಾಡುತ್ತದೆ. ಜೊತೆಗೆ ಒಬ್ಬರಿಗೆ ಹೇಳಿಡಿ, ನಾನು ಎರಡು ವಾರ ಕಾಣದಿದ್ದರೆ ಫೋನ್ ಮಾಡಿ ಅಂತ.

ಸಭೆಯಲ್ಲೇ ನಿಮಗೆ ಗಾಯವಾಗಿದ್ದರೆ ಮಾತು ಬೇರೆ. ಹೆದರಿಸುವ, ಹಿಂಸಿಸುವ ಜಾಗವನ್ನು ಬಿಡುವುದು ಕ್ರಿಸ್ತನನ್ನು ಬಿಟ್ಟಂತೆ ಅಲ್ಲ. ಬೇರೆ ಸಭೆ ಹುಡುಕಿ, ನಿಧಾನವಾಗಿ, ಹಿಂದಿನ ಸಾಲಿನಲ್ಲಿ ಕೂತೇ ಶುರು ಮಾಡಿ. ಕಾಯಿಲೆಯಿಂದಲೋ ಮನೆಯಲ್ಲಿ ಯಾರನ್ನೋ ನೋಡಿಕೊಳ್ಳುವುದರಿಂದಲೋ ಹೋಗಲಾಗದವರು ನಾಚಿಕೊಳ್ಳದೆ ಕೇಳಿ: ರೋಗಿಯು ಸಭೆಯ ಹಿರಿಯರನ್ನು ಕರೆಸಲಿ ಎಂದು ಯಾಕೋಬ 5:14ರಲ್ಲಿ ಬರೆದಿದೆ. ಪಾಸ್ಟರ್ ಬಿಡುವಾಗಿಲ್ಲದಿದ್ದರೆ ಸಭೆಯ ಇನ್ನಿಬ್ಬರು ಬರಲಿ, ಒಂದು ಕೀರ್ತನೆ ಓದಿ, ನಿಮ್ಮ ಹೆಸರು ಹಿಡಿದು ಪ್ರಾರ್ಥಿಸಿ ಹೋಗಲಿ. ಮುಂದಿನ ವಾರ ಯಾವಾಗ ಬರುತ್ತೀರಿ ಎಂದು ಅವರು ಹೊರಡುವ ಮೊದಲೇ ಕೇಳಿ ಗೊತ್ತು ಮಾಡಿಕೊಳ್ಳಿ.