ಸೈಕಲ್ ತುಳಿಯೋ ಮುಂಚೆ ಕಾಕಾನ ಕಾರಲ್ಲಿ ಒಂದು ಸುತ್ತು

ಗಂಗಾವತಿಯ ನಾವು ಆರು ಜನ, ಡಿಸೆಂಬರ್ ಕೊನೆಗೆ ಒಂದೇ ದಿನದಲ್ಲಿ 200 ಕಿ.ಮೀ. ಸೈಕಲ್ ತುಳಿಯಬೇಕು ಅಂತ ಮಾತಾಡಿಕೊಂಡಿದ್ದೆವು. ದೂರದ ಸೈಕ್ಲಿಂಗ್ ಮಾಡುವವರಲ್ಲಿ ಬ್ರೆವೆ ಅಂತ ಒಂದು ಪದ್ಧತಿ ಇದೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ ಕೊಡುತ್ತಾರೆ. ಚಹಾ, ಊಟ, ಪಂಕ್ಚರ್ ಎಲ್ಲ ಅದರೊಳಗೇ ಆಗಬೇಕು. ನಮ್ಮದು ಬ್ರೆವೆ ಅಲ್ಲ, ಸುಮ್ನೆ ನಮ್ಮಷ್ಟಕ್ಕೆ ನಾವು ಹೊರಟಿದ್ದು. ಆದರೂ ಟೈಮ್ ಮಾತ್ರ ಅದನ್ನೇ ಇಟ್ಟುಕೊಂಡೆವು. ಬೆಳಿಗ್ಗೆ 6ಕ್ಕೆ ಬಿಟ್ಟು ರಾತ್ರಿ 7.30ರೊಳಗೆ ವಾಪಸ್.

ದಾರಿ ನಾನೇ ಹಾಕಿದ್ದೆ. ಗಂಗಾವತಿಯಿಂದ ಕನಕಗಿರಿ, ತಾವರಗೇರಾ, ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರು, ಕಾರಟಗಿ, ಮತ್ತೆ ಗಂಗಾವತಿ. ಕೊಪ್ಪಳ, ರಾಯಚೂರು ಎರಡೂ ಜಿಲ್ಲೆ ಸೇರಿ ಒಂದು ಸುತ್ತು, ಹತ್ತಿರ ಹತ್ತಿರ 200 ಆಗುತ್ತದೆ. ಫೋನಿನಲ್ಲಿ ನೋಡಿದರೆ ಎಲ್ಲ ಚೆನ್ನಾಗಿಯೇ ಇತ್ತು. ಆದರೂ ಆರು ಜನರನ್ನು ಕರೆದುಕೊಂಡು ಹೋಗುವವನು ನಾನು, ಒಮ್ಮೆ ಕಣ್ಣಾರೆ ನೋಡಿಬಿಡೋಣ ಅನಿಸಿತು. ನವೆಂಬರ್ ಕೊನೆಯ ಒಂದು ಭಾನುವಾರ ನಮ್ಮ ಕಾಕಾನ ಹಳೇ ವ್ಯಾಗನಾರ್ ತೆಗೆಸಿದೆ. ಕಾಕಾ ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವರು. ಈ ರೋಡುಗಳು ಅವರಿಗೆ ಮನೆಯ ಅಂಗಳ ಇದ್ದಂಗೆ.

ಏಸಿ ಬಂದ್, ಕಿಟಕಿ ಪೂರ್ತಿ ಕೆಳಗೆ. ಇದು ನನ್ನ ಮೊದಲ ನಿಯಮ. ಗಾಜು ಏರಿಸಿಕೊಂಡು ಕೂತರೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅನ್ನೋದೇ ಗೊತ್ತಾಗುವುದಿಲ್ಲ. ಸ್ಪೀಡು 40ರ ಮೇಲೆ ಬೇಡ ಅಂದಿದ್ದೆ. ಕಾಕಾಗೆ ಅದೇ ದೊಡ್ಡ ಶಿಕ್ಷೆ. ಹೊರಡುವ ಸರ್ಕಲ್‌ನಲ್ಲಿ ಟ್ರಿಪ್ ಮೀಟರ್ ಸೊನ್ನೆ ಮಾಡಿಕೊಂಡು, ನೋಟ್‌ಬುಕ್ಕಿನಲ್ಲಿ ಕಿ.ಮೀ. ಬರೆದು ಪಕ್ಕಕ್ಕೆ ಒಂದು ಗುರುತು ಬರೆಯುತ್ತ ಹೋದೆ. ಹನುಮಪ್ಪನ ಗುಡಿ, ನೀರಿನ ಟ್ಯಾಂಕ್, ಪೆಟ್ರೋಲ್ ಬಂಕ್. ಬರೀ ಕಿ.ಮೀ. ನಂಬಬಾರದು. ಕಾರಿನ ಮೀಟರಿಗೂ ಸೈಕಲ್ ಮೀಟರಿಗೂ ಸ್ವಲ್ಪ ಸ್ವಲ್ಪ ವ್ಯತ್ಯಾಸ ಇರುತ್ತದೆ, ನೂರು ದಾಟಿದ ಮೇಲೆ ಅದು ದೊಡ್ಡದಾಗುತ್ತದೆ. ಗುಡಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ ಅಲ್ವಾ.

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಅಂತ ನಮ್ಮ ಕಡೆ ಗಾದೆ. ನಾವು ಕನಕಗಿರಿಯಲ್ಲಿ ನೋಡಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತದೆ ಅನ್ನೋದನ್ನ. ಒಗ್ಗರಣೆ ಮಿರ್ಚಿ ತಿಂದು ಮುಂದಕ್ಕೆ ಹೊರಟೆವು.

ಅಲ್ಲಿಂದ ತಾವರಗೇರಾ ಕಡೆ ರೋಡ್ ನೋಡಿದರೆ ಚಪ್ಪಟೆ. ನಾನು ‘ಸಮತಟ್ಟು’ ಅಂತ ಬರೆದೂ ಆಗಿತ್ತು. ಕಾಕಾ ಹಿಂದೆ ಮುಂದೆ ನೋಡಿ, ಖಾಲಿ ರೋಡಿನಲ್ಲಿ ಗಾಡಿ ನಿಲ್ಲಿಸಿದರು. ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಬಿಟ್ಟರು. ಕಾರು ಒಂದು ಕ್ಷಣ ಸುಮ್ಮನಿದ್ದು, ಮೆಲ್ಲಗೆ ಹಿಂದಕ್ಕೆ ಸರಿಯಿತು.

“ನಿನ್ನ ಸಮತಟ್ಟು ಹಿಂದ ಹೊಂಟೈತಿ ನೋಡಲೇ ತಮ್ಮಾ” ಅಂದರು.

ಕಣ್ಣಿಗೆ ಕಾಣದ ಏರು. ಕಾರಿನಲ್ಲಿ ಕಾಲಿಗೆ ಅದು ತಿಳಿಯೋದೇ ಇಲ್ಲ, ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದರೆ ಮುಗೀತು. ಸೈಕಲ್ ಮೇಲೆ ಇದೇ ಏರು ಮೈಲಿಗಟ್ಟಲೆ ತೊಡೆ ಹಿಂಡುತ್ತದೆ, ಯಾಕೆ ಸುಸ್ತಾಗ್ತಿದೆ ಅಂತಲೂ ಗೊತ್ತಾಗುವುದಿಲ್ಲ. ಆಮೇಲೆ ಅನುಮಾನ ಬಂದಲ್ಲೆಲ್ಲ ನಿಲ್ಲಿಸಿ ಇದೇ ಪರೀಕ್ಷೆ ಮಾಡಿದೆವು. ಹಿಂದೆ ಯಾರೂ ಬರದಿದ್ದಾಗ ಮಾತ್ರ, ಮತ್ತೆ.

ಮುದಗಲ್ ಕೋಟೆ ಕಂಡಿತು, ದಾಟಿದೆವು. ಲಿಂಗಸುಗೂರಿನಿಂದ ಹೈವೇ. ಅಲ್ಲಿ ಹೇಳೋದು ಏನೂ ಇಲ್ಲ, ಲಾರಿ ಜಾಸ್ತಿ, ಅಂಚು ಅಗಲ. ಮಸ್ಕಿಯಲ್ಲಿ ಅಶೋಕನ ಶಾಸನ ಇರುವ ಗುಡ್ಡದ ಕಡೆ ಹೋಗಿ ನೆರಳು ಹುಡುಕಿದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನ ಅದು. ಬೇರೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಅಂತ ಖಾತ್ರಿಯಾಗಿದ್ದು ಇದರಲ್ಲಿ ಅವನ ಹೆಸರು ಸಿಕ್ಕಿದ್ದರಿಂದ. ನೂರು ಕಿ.ಮೀ. ತುಳಿದು ಬಂದವನಿಗೆ ಅಲ್ಲಿ ಬೇಕಾಗೋದು ನೀರು. ಗುಡ್ಡದಲ್ಲಿ ನಿಲ್ಲೋದು ಬಿಟ್ಟು ಊರೊಳಗಿನ ಖಾನಾವಳಿಯನ್ನೇ ಬರೆದುಕೊಂಡೆ.

ಸಿಂಧನೂರಿಗೆ ಬಂದಾಗ ಇನ್ನೂ ಮೂರು ಗಂಟೆ. ನಾನು ಮನೆಗೆ ಹೋಗೋಣ ಅಂದೆ. ಕಾಕಾ ಗಾಡಿ ಬೇವಿನ ಮರದ ಕೆಳಗೆ ನಿಲ್ಲಿಸಿ ಸೀಟು ಹಿಂದಕ್ಕೆ ಮಾಡಿ ಮಲಗಿಬಿಟ್ಟರು. “ನೀವು ಸೈಕಲ್ ಮ್ಯಾಲೆ ಇಲ್ಲಿಗೆ ಬರೋದು ಎಷ್ಟಕ್ಕ?” ಅಂತ ಕೇಳಿದರು. ನಾಲ್ಕೂವರೆ, ಐದು ಅಂದೆ. “ಹಂಗಾರ ಐದಕ್ಕ ಎಬ್ಬಿಸು.”

ಇಡೀ ದಿನದಲ್ಲಿ ಉಪಯೋಗಕ್ಕೆ ಬಂದದ್ದು ಈ ನಿದ್ದೆ. ಕಾರಟಗಿ ಕಡೆ ಬರುವಷ್ಟರಲ್ಲಿ ಕತ್ತಲು. ಅದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಭತ್ತದ ಕೊಯ್ಲಿನ ಕಾಲ. ರೈಸ್ ಮಿಲ್ಲಿಗೆ ಹೋಗುವ ಲಾರಿ, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್. ಅಲ್ಲಲ್ಲಿ ಅರ್ಧ ರೋಡಿಗೆ ಭತ್ತ ಒಣಗಿಸಿದ್ದರು. ಗಾಡಿಗಳು ಮೇಲೆ ಹೋಗದಿರಲಿ ಅಂತ ಅದರ ಅಂಚಿಗೆ ಸಾಲಾಗಿ ಕಲ್ಲು. ಒಂದು ಕಡೆ ಭತ್ತ ತುಂಬಿಕೊಂಡು ಹೋಗಿದ್ದರು, ಕಲ್ಲು ಮಾತ್ರ ಹಾಗೇ ಇದ್ದವು. ತೆಂಗಿನಕಾಯಿ ಗಾತ್ರದ ಕಲ್ಲುಗಳು. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದಾಗ ಅವು ನಮಗೆ ಕಂಡಿದ್ದೇ ಕೊನೇ ಗಳಿಗೆಯಲ್ಲಿ. ಮೂರು ಗಂಟೆಗೆ ಇದೇ ರೋಡಿನಲ್ಲಿ ಬಂದಿದ್ದರೆ ‘ಕಾಲುವೆ, ಹಸಿರು, ತಂಪು’ ಅಂತ ಬರೆದುಕೊಂಡು ಹೋಗುತ್ತಿದ್ದೆ.

ಮನೆಗೆ ಬಂದು ದಾರಿಯನ್ನು ತಿರುಗಿಸಿಬಿಟ್ಟೆ. ಕಾರಟಗಿ, ಸಿಂಧನೂರು ಬೆಳಿಗ್ಗೆಯೇ ಮುಗಿಸೋದು, ಸಂಜೆಗೆ ಕನಕಗಿರಿ ಮೇಲೆ ಇಳಿಯೋದು. ಕಾರು ಹಿಂದಕ್ಕೆ ಸರಿದ ಏರು ಈಗ ನಮಗೆ ಇಳಿಜಾರು. ಚಳಿಗಾಲದ ಮೂಡಗಾಳಿ ಬೆಳಿಗ್ಗೆ ಎದುರಾದರೂ, ಲಿಂಗಸುಗೂರು ದಾಟಿದ ಮೇಲೆ ಬೆನ್ನಿಗೆ ಬರುತ್ತದೆ. ಹೊಸ ಟೈಮ್ ಪಟ್ಟಿ ಕಾಕಾನೇ ಬರೆದುಕೊಟ್ಟರು, ಬಸ್ಸಿನದು ಇದ್ದಂಗೆ. ಗಂಗಾವತಿ 6.30 ಅಂತ ಕೊನೇ ಸಾಲು.

ತಿರುಗಿಸಿದ ದಾರಿಯಲ್ಲಿ ಮತ್ತೊಮ್ಮೆ ಕಾರು ಓಡಿಸಬೇಕಿತ್ತು. ಪೆಟ್ರೋಲ್ ಖರ್ಚು ಅಂತ ಬಿಟ್ಟೆ. ಅಲ್ಲೇ ನಾನು ಎಡವಿದ್ದು. ಸವಾರಿಯ ದಿನ ಮುದಗಲ್ ಹತ್ತಿರ ತಾವರಗೇರಾ ತಿರುವು ತಪ್ಪಿತು. ನಾನು ಬರೆದಿಟ್ಟ ಗುರುತೆಲ್ಲ ಆ ಕಡೆಯಿಂದ ಬರುವವನಿಗೆ ಕಾಣುವಂಥವು. ಅಂಗಡಿಯೊಂದರ ಬಣ್ಣದ ಬೋರ್ಡ್ ಗುರುತು ಮಾಡಿಕೊಂಡಿದ್ದೆ, ಈ ಕಡೆಯಿಂದ ಬಂದರೆ ಬರೀ ತಗಡು. ಮೂರು ಕಿ.ಮೀ. ಸುಮ್ನೆ ಹೋಗಿ ವಾಪಸ್ ಬಂದೆವು.

ಎರಡನೇದು ಮುಳ್ಳು. ತಾವರಗೇರಾ ದಾಟಿದ ಮೇಲೆ ನಾಲ್ಕು ಪಂಕ್ಚರ್, ಅದರಲ್ಲಿ ಎರಡು ನನ್ನವೇ. ರೋಡಿನ ಬದಿಯ ಬಳ್ಳಾರಿ ಜಾಲಿ ಕಡಿದು ಸೌದೆ ಹೇರಿಕೊಂಡು ಹೋಗಿದ್ದರು, ಮುಳ್ಳು ಡಾಂಬರಿನ ಮೇಲೆ ಉದುರಿತ್ತು. ಬೂದು ಬಣ್ಣದ ಮುಳ್ಳು ಬೂದು ರೋಡಿನ ಮೇಲೆ ಎಲ್ಲಿ ಕಾಣಬೇಕು? ಟ್ಯೂಬ್ ಬದಲಿಸೋ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳಿನ ತುದಿ ಹುಡುಕಬೇಕು, ಇಲ್ಲದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ. ನನ್ನ ಎರಡನೇ ಪಂಕ್ಚರ್ ಆದದ್ದು ಹಾಗೇ. ಕೂತಲ್ಲೇ ನೋಟ್‌ಬುಕ್ ತೆಗೆದು ನೋಡಿದೆ. ಆ ಜಾಗಕ್ಕೆ ನಾನು ಬರೆದಿದ್ದು ಎರಡೇ ಶಬ್ದ: ‘ರೋಡ್ ಮಸ್ತ್.’ ಕಾರಿನ ದಪ್ಪ ಟೈರಿಗೆ ಮಸ್ತ್ ಆಗಿಯೇ ಇತ್ತು.

ಗಂಗಾವತಿ ಸರ್ಕಲ್ ಮುಟ್ಟಿದಾಗ 7.20. ಕಾಕಾ ವ್ಯಾಗನಾರ್‌ಗೆ ಒರಗಿ ನಿಂತು ಕೈಗಡಿಯಾರ ನೋಡುತ್ತಿದ್ದರು.

“ಐವತ್ತು ಮಿನಿಟ್ ಲೇಟು. ಬಸ್ಸಾಗಿದ್ರ ನಿನಗ ಮೆಮೊ ಕೊಡ್ತಿದ್ರು” ಅಂದು, ಚಹಾ ಹೇಳೋಕೆ ಹೋದರು.