ಅಳಿಸುವ ನಾಟಕಕ್ಕೆ ಮಗುವನ್ನು ಕರ್ಕೊಂಡು ಹೋಗಬಹುದಾ?

ನಾನು ದಾವಣಗೆರೆಯ ಚೌಕಿಪೇಟೆ ಹತ್ತಿರ ಬಟ್ಟೆ ಹೊಲಿಯುತ್ತೇನೆ. ಬ್ಲೌಸು, ಚೂಡಿದಾರ ಹೊಟ್ಟೆಪಾಡಿಗೆ. ಹವ್ಯಾಸಿ ತಂಡಗಳ ನಾಟಕದ ಬಟ್ಟೆ ನನ್ನ ಖುಷಿಗೆ. ತಾಲೀಮು ನೋಡುವುದು, ಗ್ರೀನ್ ರೂಮಿನಲ್ಲಿ ಸೂಜಿ ದಾರ ಹಿಡಿದು ನಿಲ್ಲುವುದು ರೂಢಿಯಾಗಿದೆ. ಅದಕ್ಕೇ ಓಣಿಯ ತಾಯಂದಿರು ಕೇಳುತ್ತಾರೆ: "ಅಕ್ಕಾ, ಆ ನಾಟಕ ಭಾಳ ಅಳಿಸುತ್ತಂತೆ. ನಮ್ಮ ಹುಡುಗನ್ನ ಕರ್ಕೊಂಡು ಬರಬಹುದಾ?"

ನಾನು ಇದರಲ್ಲಿ ಒಮ್ಮೆ ಎಡವಿದ್ದೇನೆ. ಮೊದಲು ಅದನ್ನೇ ಹೇಳುತ್ತೇನೆ.

ಮಗಳಿಗೆ ಆಗ ಐದು ವರ್ಷ. ಜಗಳೂರು ಕಡೆ ನನ್ನ ತವರಿನಲ್ಲಿ ಜಾತ್ರೆ, ರಾತ್ರಿ ಸತ್ಯ ಹರಿಶ್ಚಂದ್ರ ನಾಟಕ. ಶುರುವಾಗಿದ್ದೇ ಹತ್ತೂವರೆಗೆ. ಹಾವು ಕಚ್ಚುವಾಗ ಹೆದರುತ್ತಾಳೇನೋ ಅಂತ, ಅವಳ ಕಣ್ಣು ಮುಚ್ಚಲು ಸೆರಗು ಹಿಡಿದು ಕೂತಿದ್ದೆ. ಅದು ಬೇಕಾಗಲೇ ಇಲ್ಲ. ಕಾಶಿಯಲ್ಲಿ ಹರಿಶ್ಚಂದ್ರ ಸಾಲ ತೀರಿಸಲು ಹೆಂಡತಿ ಮಗನನ್ನು ಮಾರಲು ನಿಂತನಲ್ಲ, ಅವಳು ಕಲ್ಲಾಗಿದ್ದು ಅಲ್ಲಿ. ಅಳಲಿಲ್ಲ, ಮಾತಾಡಲಿಲ್ಲ. ಲೋಹಿತಾಶ್ವ ಸತ್ತು ಬಿದ್ದದ್ದನ್ನು ನೋಡಿ ಹಾಗೇ ನಿದ್ದೆ ಹೋದಳು. ವಿಶ್ವೇಶ್ವರ ಬಂದು ಹುಡುಗನನ್ನು ಬದುಕಿಸಿದಾಗ ಬೆಳಗಿನ ಜಾವ ನಾಲ್ಕೂವರೆ. ದುಃಖವನ್ನೆಲ್ಲ ನೋಡಿದಳು, ಸುಖ ಬಂದಾಗ ನನ್ನ ತೊಡೆ ಮೇಲೆ ಗೊರಕೆ ಹೊಡೆಯುತ್ತಿದ್ದಳು.

ಊರಿಗೆ ಬಂದ ಮೇಲೆ ಒಂದು ಸಂಜೆ ಅವರಪ್ಪನನ್ನು ಕೇಳಿದಳು: "ಅಪ್ಪಾಜಿ, ನಮ್ಮ ಸಾಲ ತೀರೈತಾ?" ನಮ್ಮೆಜಮಾನ್ರು ಆಟೋ ತಗೊಂಡು ಆಗಿನ್ನೂ ಎಂಟು ತಿಂಗಳು. ಮನೆಯಲ್ಲಿ ದಿನಾ ಕಂತಿನದೇ ಮಾತು. ಇಲ್ಲ ಅಂದರು. "ಹಂಗಾದ್ರೆ ನನ್ನ ಯಾರಿಗೆ ಕೊಡ್ತೀಯ?" ಅಂದಳು.

ಆವತ್ತಿನಿಂದ ನಾನು ನಾಟಕ ಎಷ್ಟು ಅಳಿಸುತ್ತದೆ ಅಂತ ಅಳೆಯುವುದನ್ನು ಬಿಟ್ಟೆ. ಈ ಕಥೆಯಲ್ಲಿ ಯಾವ ಜಾಗ ನಮ್ಮ ಮನೆಗೆ ತಾಗುತ್ತದೆ ಅಂತ ಹುಡುಕುತ್ತೇನೆ. ನಮಗೆ ಸಾವು ದೊಡ್ಡದು. ಚಿಕ್ಕ ಮಕ್ಕಳಿಗೆ ಅಪ್ಪ ಅಮ್ಮ ಬಿಟ್ಟು ಹೋಗುವುದು, ಕೊಟ್ಟುಬಿಡುವುದು ಅದಕ್ಕಿಂತ ದೊಡ್ಡದು. ಮನೆಯಲ್ಲಿ ಅಜ್ಜ ತೀರಿಕೊಂಡು ವರ್ಷ ತುಂಬಿಲ್ಲ, ಅಪ್ಪ ಕೆಲಸಕ್ಕೆ ಅಂತ ಬೆಂಗಳೂರು ಸೇರಿದ್ದಾನೆ, ಅಮ್ಮ ಆಸ್ಪತ್ರೆಗೆ ಓಡಾಡುತ್ತಿದ್ದಾಳೆ, ಹೀಗಿದ್ದಾಗ ಅದೇ ಕಥೆಯ ನಾಟಕ ಬೇಡ. ಮುಂದಿನ ವರ್ಷವೂ ಆಡುತ್ತಾರೆ, ಬಿಡಿ.

ನಮ್ಮ ಮಾವನವರು ಒಪ್ಪಲಿಲ್ಲ. ಗಾಂಧೀಜಿ ಹುಡುಗರಾಗಿದ್ದಾಗ ಹರಿಶ್ಚಂದ್ರ ನಾಟಕ ನೋಡಿ, ಅದನ್ನೇ ನೆನೆದು ಅತ್ತದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ, ಅತ್ತರೆ ಒಳ್ಳೇದೇ ಅಂದರು. ಮಾವಾ, ಅವರು ಆಗ ಹೈಸ್ಕೂಲು ಹುಡುಗ, ಅವರ ಮನೆಯಲ್ಲಿ ಆಟೋ ಸಾಲ ಇರಲಿಲ್ಲ ಅಂದೆ. ನಕ್ಕು ಸುಮ್ಮನಾದರು.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರೋಣ. ನಾಟಕ ನೋಡಿದವರನ್ನು ಹಿಡಿದು ಕೇಳಿ. "ಚೆನ್ನಾಗಿದೆಯಾ?" ಅಂತ ಕೇಳಿದರೆ ಏನೂ ಸಿಗುವುದಿಲ್ಲ. ಯಾರು ಸಾಯುತ್ತಾರೆ, ರಂಗದ ಮೇಲೇನಾ ಅಥವಾ ಯಾರೋ ಬಂದು ಸುದ್ದಿ ಹೇಳುತ್ತಾರಾ, ಯಾರು ಕೊಲ್ಲುತ್ತಾರೆ, ಆ ಮೇಲೆ ಎಷ್ಟು ಹೊತ್ತು ನಾಟಕ ಇದೆ, ಇಷ್ಟು ಕೇಳಿ. ಕೊನೆಯದು ಮುಖ್ಯ. ಸಾವಾದ ತಕ್ಷಣ ಲೈಟು ಆರಿಸಿ ಜನರನ್ನು ಮನೆಗೆ ಕಳಿಸುವ ನಾಟಕ ಮಕ್ಕಳಿಗೆ ಕಷ್ಟ. ಸತ್ತವರ ನೆನಪಲ್ಲಿ ಉಳಿದವರು ಒಂದು ಹಾಡು ಹಾಡಿದರೂ ಸಾಕು, ಮಗುವಿಗೆ ಉಸಿರಾಡಲು ಜಾಗ ಸಿಗುತ್ತದೆ.

ಕಂಪನಿ ನಾಟಕದಲ್ಲಿ ಈ ಉಸಿರಾಟಕ್ಕೆ ಬರವಿಲ್ಲ. ದಾವಣಗೆರೆ ಅಂದರೆ ಚಿಂದೋಡಿ ಮನೆತನದ ಊರು, ಕಂಪನಿ ನಾಟಕ ನಮ್ಮ ರಕ್ತದಲ್ಲಿದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಟೆಂಟು ಬಿದ್ದವು ಅಂತಲೇ ಲೆಕ್ಕ. ತಾಯಿ ಅಳುವ ದೃಶ್ಯ ಮುಗಿಯುವುದೇ ತಡ, ಹಾಸ್ಯದವನು ಬಂದು ನಗಿಸುತ್ತಾನೆ. ಮಕ್ಕಳು ಆರಾಮಾಗಿ ದಡ ಸೇರುತ್ತಾರೆ. ಆದರೆ ಅಳುವಿಗೆ ಹೆದರುವ ಅಪ್ಪ ಅಮ್ಮಂದಿರು ಅಲ್ಲಿನ ಡಬಲ್ ಮೀನಿಂಗನ್ನು ಮರೆತೇ ಬಿಟ್ಟಿರುತ್ತಾರೆ! ಮಗ ಮನೆಗೆ ಬಂದು "ಅಮ್ಮಾ, ಅದರ ಅರ್ಥ ಏನು?" ಅಂದಾಗ ನೆನಪಾಗುತ್ತದೆ.

ಸಾಧ್ಯವಾದರೆ ಮಗುವನ್ನು ತಾಲೀಮಿಗೆ ಕರೆದುಕೊಂಡು ಹೋಗಿ. ಹವ್ಯಾಸಿ ತಂಡದವರು ಬೇಡ ಅನ್ನುವುದು ಕಡಿಮೆ, ಮೂಲೆಯಲ್ಲಿ ಗಲಾಟೆ ಮಾಡದೆ ಕೂತರೆ ಸಾಕು. ಸತ್ತವನು ಎದ್ದು ಬೆನ್ನಿನ ಧೂಳು ಕೊಡವಿ ಚಹಾ ಕುಡಿಯುವುದನ್ನು ಒಮ್ಮೆ ನೋಡಿದ ಮಗುವಿಗೆ ನೀವು ಬೇರೆ ಏನೂ ಹೇಳಬೇಕಿಲ್ಲ. ರಕ್ತಕ್ಕೆ ನಾವು ಕುಂಕುಮ ಕಲಸಿದ ನೀರು ಹಾಕುತ್ತೇವೆ. ಮಗನ ಬೆರಳಿಗೂ ಒಮ್ಮೆ ಹಚ್ಚಿದೆ. ಮೂರು ದಿನ ಓಣಿಯಲ್ಲೆಲ್ಲ ತೋರಿಸಿಕೊಂಡು ತಿರುಗಿದ.

ಕಥೆಯನ್ನು ಮೊದಲೇ ಹೇಳಿಬಿಡಿ, ಕೊನೆಯನ್ನೂ ಸೇರಿಸಿ. ಮಜಾ ಹೋಗುತ್ತೆ ಅಂತ ಕೆಲವರು ಹೇಳುತ್ತಾರೆ, ನಾನು ನಂಬುವುದಿಲ್ಲ. ಮಕ್ಕಳು ಒಂದೇ ಕಥೆಯನ್ನು ನೂರು ಸಲ ಕೇಳುವವರು ಅಲ್ವಾ? ಹೇಳುವಾಗ ಮಗು ಏನು ಮಾಡುತ್ತದೆ ಅಂತ ನೋಡಿ. ಮಗನಿಗೆ ಎಂಟು ತುಂಬಿದಾಗ 'ಕೆರೆಗೆ ಹಾರ' ಅನ್ನುವ ಜನಪದ ಹಾಡಿನ ಕಥೆ ಹೇಳಿದೆ. ಕೆರೆಗೆ ನೀರು ಬರಲಿಲ್ಲ ಅಂತ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುವುದು, ದಂಡಿನಿಂದ ಬಂದ ಗಂಡ ಅದೇ ಕೆರೆಗೆ ಹಾರುವುದು. ಇಲ್ಲಿ ಯಾವ ದೇವರೂ ಬಂದು ಬದುಕಿಸುವುದಿಲ್ಲ. ಕೇಳಿ ಅವನಿಗೆ ಸಿಟ್ಟು ಬಂತು. "ಬೋರ್ ಹಾಕ್ಸಬಹುದಿತ್ತಲ್ಲ!" ಅಂದ. ಬರದ ಸೀಮೆಯ ಹುಡುಗ ಇನ್ನೇನು ಹೇಳುತ್ತಾನೆ! ಕಥೆಯ ಜೊತೆ ಜಗಳಕ್ಕೆ ನಿಂತವನು ನಾಟಕ ತಡೆದುಕೊಳ್ಳುತ್ತಾನೆ ಅಂತ ಧೈರ್ಯವಾಗಿ ಕರೆದುಕೊಂಡು ಹೋದೆ. ಪೂರ್ತಿ ನೋಡಿದ, ಅತ್ತ, ಬರುವಾಗ ಮಂಡಕ್ಕಿ ಮಿರ್ಚಿ ತಿಂದ. ಕಥೆ ಕೇಳುತ್ತಲೇ ಸುಮ್ಮನಾಗಿ, ಬೇರೆ ಮಾತು ತೆಗೆಯುವ ಮಗುವಾದರೆ ಸ್ವಲ್ಪ ಕಾಯಿರಿ. ವಯಸ್ಸಿನ ಲೆಕ್ಕ ನನಗೆ ಅಷ್ಟು ಸರಿ ಬರುವುದಿಲ್ಲ. ಆರು ವರ್ಷದೊಳಗಿನವರಿಗೆ ರಾತ್ರಿಯೆಲ್ಲ ನಡೆಯುವ ನಾಟಕ ಬೇಡ, ಅದೊಂದು ಮಾತ್ರ ಗಟ್ಟಿ.

ಮೊದಲ ಸಲಕ್ಕೆ ಬೇಗ ಮುಗಿಯುವ ನಾಟಕ ಆರಿಸಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಪ್ರತಿ ವರ್ಷ ಮೂರು ನಾಟಕ ಕಟ್ಟಿಕೊಂಡು ಊರೂರು ತಿರುಗುತ್ತದೆ, ನಿಮ್ಮ ಊರಿನ ಹತ್ತಿರಕ್ಕೂ ಬಂದೀತು. ನವೆಂಬರಿನಲ್ಲಿ ಸಾಣೇಹಳ್ಳಿಯಲ್ಲೇ ನಾಟಕೋತ್ಸವ ಇರುತ್ತದೆ. ಬಯಲು ರಂಗಮಂದಿರ, ರಾತ್ರಿ ಚಳಿ ಜಾಸ್ತಿ, ಸ್ವೆಟರ್ ಮರೆಯಬೇಡಿ. ಎಲ್ಲೇ ಆದರೂ ಸಾಲಿನ ತುದಿಯಲ್ಲಿ ಕೂರಿ. ಮಗು "ಹೋಗೋಣ" ಅಂದರೆ ಎದ್ದು ಬರುವುದೇ. ಟಿಕೆಟಿನ ದುಡ್ಡು ಹೋಯಿತು ಅಂತ ಕೂರಿಸಬೇಡಿ.

ಅಳುವ ಮಗುವಿಗೆ "ಸುಮ್ನೆ ನಾಟಕ ಕಣೋ" ಅನ್ನಬೇಡಿ. ಅಕ್ಕಪಕ್ಕದವರೆಲ್ಲ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವಾಗ ಅದನ್ನು ಯಾವ ಮಗು ನಂಬುತ್ತದೆ? ಕೈ ಹಿಡಿದುಕೊಳ್ಳಿ, ಸಾಕು. ಮುಗಿದ ಮೇಲೆ ಗ್ರೀನ್ ರೂಮಿಗೆ ಹೋಗಿ, ಬಣ್ಣ ಒರೆಸಿಕೊಳ್ಳುವ ನಟರನ್ನು ತೋರಿಸಿ.

ಪ್ರಶ್ನೆಗಳು ಆವತ್ತೇ ಬರುವುದಿಲ್ಲ. ಒಂದು ವಾರ ಕಿವಿ ತೆರೆದಿಟ್ಟುಕೊಳ್ಳಿ. ಸ್ನಾನ ಮಾಡಿಸುವಾಗ, ಜಡೆ ಹಾಕುವಾಗ ಬರುತ್ತವೆ. ನಗಬೇಡಿ. ಮಗಳ ಪ್ರಶ್ನೆಗೆ ನಾನು ನಕ್ಕುಬಿಟ್ಟಿದ್ದೆ, ಅವಳು ಮತ್ತೆ ಆ ಮಾತೇ ಎತ್ತಲಿಲ್ಲ. ಆದರೆ ಕಂತಿನ ದಿನ ಬಂದರೆ ಅಪ್ಪನ ಹತ್ತಿರ ಹೋಗುತ್ತಿರಲಿಲ್ಲ. ಅದು ಗೊತ್ತಾಗಲು ನಮಗೆ ಮೂರು ತಿಂಗಳು ಬೇಕಾಯಿತು. ಆಮೇಲೆ ನಮ್ಮೆಜಮಾನ್ರು ಅವಳನ್ನು ಆಟೋದಲ್ಲಿ ಕೂರಿಸಿಕೊಂಡೇ ಕಂತು ಕಟ್ಟಲು ಹೋದರು, ಪ್ರತಿ ತಿಂಗಳು. ರಸೀದಿ ಹಿಡಿದುಕೊಳ್ಳುವ ಕೆಲಸ ಅವಳದು. ಕೊನೆಯ ರಸೀದಿ ಈಗಲೂ ಅವಳ ಪೆನ್ಸಿಲ್ ಡಬ್ಬಿಯಲ್ಲಿದೆ.