ಮಳೆಯಲ್ಲಿ ನೀಲಗಿರಿ ಉಗಿಬಂಡಿ ಹತ್ತುವುದು ಹೇಗೆ?

ಮಳೆಗಾಲದಲ್ಲೇ ಊಟಿ ರೈಲು ಹತ್ತಬೇಕು ಅಂತ ಆಸೆಯಿದ್ದರೆ, ಯಾವ ಮಳೆ ಅನ್ನುವುದನ್ನು ಮೊದಲು ತೀರ್ಮಾನಿಸಿ. ಮುಂಗಾರು ಜಾಸ್ತಿ ನೆನೆಸುವುದು ನೀಲಗಿರಿಯ ಪಶ್ಚಿಮಕ್ಕಿರುವ ಗೂಡಲೂರಿನ ಕಡೆಯನ್ನು. ರೈಲು ಹತ್ತುವ ಕೂನೂರಿನ ಪೂರ್ವ ಇಳಿಜಾರಿಗೆ ಜೋರಾಗಿ ಬಡಿಯುವುದು ಹಿಂಗಾರು. ಅಕ್ಟೋಬರ್, ನವೆಂಬರಿನಲ್ಲಿ ಗುಡ್ಡ ಕುಸಿದು ಹಳಿ ಮೇಲೆ ಮಣ್ಣು ಬಿದ್ದರೆ ಬಂಡಿ ಎಷ್ಟೋ ದಿನ ಓಡುವುದಿಲ್ಲ. ನನ್ನ ಓಟು ಜುಲೈ, ಆಗಸ್ಟಿಗೆ. ಕೆಳಗೆ ತುಂತುರು, ಮೇಲೆ ಮಂಜು, ಅಷ್ಟು ಸಾಕಲ್ವಾ?

ಟಿಕೆಟ್

ಬುಕಿಂಗ್ ಶುರುವಾದ ದಿನವೇ ಐಆರ್‌ಸಿಟಿಸಿಯಲ್ಲಿ ಕಾಯ್ದಿರಿಸಿ. ಬಂಡಿ ಹೊರಡುವ ಮೆಟ್ಟುಪಾಳ್ಯಂ ನಿಲ್ದಾಣದ ಕೋಡ್ ಎಂಟಿಪಿ, ಕೂನೂರಿನದು ಓಎನ್ಆರ್. ಊಟಿವರೆಗೆ ಒಟ್ಟು 46 ಕಿ.ಮೀ. ದಾರಿ. ಆದರೆ ಉಗಿ ಎಂಜಿನ್ ಕೂನೂರಿನವರೆಗೆ ಮಾತ್ರ, ಆಮೇಲೆ ಡೀಸೆಲ್. ಒಂದೇ ದಿನದ ಪ್ರವಾಸಕ್ಕೆ ಕೂನೂರಿನ ಟಿಕೆಟ್ಟೇ ಸಾಕು. ಬಂಡಿ ಬೆಳಿಗ್ಗೆ 7.10ಕ್ಕೆ ಹೊರಡುತ್ತದೆ. ಹಾಗಾಗಿ ಹಿಂದಿನ ಸಂಜೆಯೇ ಮೆಟ್ಟುಪಾಳ್ಯಂ ಸೇರಿಕೊಳ್ಳಿ. ರಾತ್ರಿ ಜೋರು ಮಳೆ ಬಂದರೆ, ಬಂಡಿ ಇದೆಯಾ ಅಂತ ವಿಚಾರಿಸಿಯೇ ರೂಮು ಬಿಡಿ.

ಚೀಲದಲ್ಲಿ ಏನಿರಬೇಕು?

ಛತ್ರಿ ಬೇಡ. ಇಕ್ಕಟ್ಟಿನ ಬೋಗಿಯಲ್ಲಿ ಅದರ ನೀರೆಲ್ಲ ಪಕ್ಕದವರ ಮಡಿಲಿಗೆ. ರೇನ್‌ಕೋಟ್, ಟವೆಲ್, ಸ್ವೆಟರ್ ಇರಲಿ. ಕಿಟಕಿ ಗಾಜು ಒರೆಸಲು ಒಂದು ಹಳೇ ಪತ್ರಿಕೆ. ಮಸಿ ಹಾರುತ್ತದೆ, ಬಿಳಿ ಬಟ್ಟೆ ಹಾಕಬೇಡಿ.

ದಾರಿಯಲ್ಲಿ

ಎಂಜಿನ್ ಎಲ್ಲಿ ಅಂತ ಮುಂದೆ ಹುಡುಕಬೇಡಿ. ಅದು ಹಿಂದಿನಿಂದ ತಳ್ಳುತ್ತದೆ. ಮುಂದಿನ ಬೋಗಿಯ ಮೊಗಸಾಲೆಯಲ್ಲಿ ನಿಂತ ಬ್ರೇಕ್‌ಮನ್ ಬಾವುಟ ತೋರಿಸಿ ಡ್ರೈವರ್‌ಗೆ ದಾರಿ ಹೇಳುತ್ತಾನೆ.

ಕಲ್ಲಾರ್ ಬಂದಾಗ ಮಾತು ನಿಲ್ಲಿಸಿ ಕಿವಿಗೊಡಿ. ಇಲ್ಲಿಂದ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿಗಳು ಶುರುವಾಗುತ್ತವೆ, ಗರಗಸವನ್ನು ಅಂಗಾತ ಮಲಗಿಸಿದ ಹಾಗೆ. ಬಂಡಿ ತೆವಳುವಷ್ಟು ನಿಧಾನವಾಗುತ್ತದೆ, ಎಂಜಿನ್ನಿನ ಹಲ್ಲುಚಕ್ರ ಅದಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎಂಜಿನ್ನಿನ ಏದುಸಿರೇ ಬದಲಾಗುತ್ತದೆ. ಏರು ಎಷ್ಟು ಗೊತ್ತಾ? ಸುಮಾರು 12 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಒದ್ದೆ ಹಳಿಯಲ್ಲಿ ಬರೀ ಚಕ್ರ ನಂಬಿಕೊಂಡರೆ ಜಾರುವುದೇ ಸೈ. ಈ ಹಲ್ಲುಗಳ ಭರವಸೆಯಲ್ಲೇ 1899ರಿಂದ ಕೂನೂರಿಗೆ ಬಂಡಿ ಹತ್ತುತ್ತಿದೆ.

ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯುತ್ತದೆ, ನೀವು ಚಹಾ ಕುಡಿಯಿರಿ. ತಿಂಡಿ ಪೊಟ್ಟಣ ಮಾತ್ರ ಕೈಯಲ್ಲಿ ಹಿಡಿದು ಇಳಿಯಬೇಡಿ. ನನ್ನ ವಡೆಯನ್ನು ಒಂದು ಕೋತಿ ಬಂದು, ಕೊಟ್ಟ ಸಾಲ ವಸೂಲು ಮಾಡಿದ ಹಾಗೆ ಕಿತ್ತುಕೊಂಡು ಹೋಯಿತು.

ಇಳಿದ ಮೇಲೆ

ಸುಮಾರು ಮೂರೂವರೆ ಗಂಟೆಯಲ್ಲಿ ಕೂನೂರು. ಎಲ್ಲರೂ ಹೊರಬಾಗಿಲಿಗೆ ಓಡುತ್ತಾರೆ, ನೀವು ಸುಮ್ನೆ ಹಿಂದಕ್ಕೆ ನಡೆಯಿರಿ. ಬೋಗಿ ಕಳಚಿಕೊಂಡ ಎಂಜಿನ್ ಮೇಲೆ ಮಳೆಹನಿ ಬಿದ್ದು ಚುಂಯ್ ಅನ್ನುತ್ತಿರುತ್ತದೆ. ಆಮೇಲೆ ಮಾರ್ಕೆಟ್ಟಿಗೆ ಹೋಗಿ. ನೀಲಗಿರಿಯ ಬಡಗ ಸಮುದಾಯದವರು ಮಾತಾಡುವುದು ಕಿವಿಗೆ ಬಿದ್ದರೆ ಅರ್ಧಕ್ಕರ್ಧ ನಮ್ಮ ಕನ್ನಡದ ಹಾಗೇ ಕೇಳಿಸುತ್ತದೆ. ಊಟ ಮುಗಿಸಿ, ಕತ್ತಲಾಗುವ ಮುಂಚೆ ಮೆಟ್ಟುಪಾಳ್ಯಂ ಬಸ್ಸು ಹಿಡಿಯಿರಿ. ಘಾಟಿಯಲ್ಲಿ ತಿರುವು ಜಾಸ್ತಿ, ವಾಂತಿಯಾಗುವವರು ಮುಂದಿನ ಸೀಟು ನೋಡಿಕೊಳ್ಳಿ.